ಹಿರೇಗೌಡರ ಕೆಮ್ಮು

ಶಿವರಾಯಗೌಡ ಕೆಮ್ಮಿದ. ಅಷ್ಟಕ್ಕೇ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು.

ಎದ್ದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆ ಎದ್ದೆವು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇಲ್ಲ. ಅವರವರ ಕಾಲು ಅವರನ್ನು ಕೇಳದೆ ಎದ್ದಿದ್ದವು. ಅದು ಶಿವರಾಯನ ಅಪ್ಪ ದೊಡ್ಡಪ್ಪಗೌಡರ ಕೆಮ್ಮು. ಮೊದಲು ಒಣಗಿದ ಸಣ್ಣದೊಂದು ಕೆಮ್ಮು, ನಡುವೆ ಉಸಿರು ಹಿಡಿದಷ್ಟು ತಡೆ, ಆಮೇಲೆ ಎದೆಯ ಆಳದಿಂದ ಇನ್ನೊಂದು. ಆ ಎರಡನೆಯದು ಬಂತೆಂದರೆ ಮಾತುಕತೆ ಮುಗಿಯಿತು, ಹಿರೇಗೌಡರ ತೀರ್ಪು ಬರುತ್ತದೆ ಎಂದು ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಹಿರೇಗೌಡರು ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಊರ ಹೊರಗಿನ ಬೇವಿನ ಮರದ ಕೆಳಗೆ, ಕೂತ ಭಂಗಿಯಲ್ಲೇ, ಎಡಗೈಯಲ್ಲಿ ಲಿಂಗ ಹಿಡಿದು ಸಮಾಧಿಯಾಗಿದ್ದರು. ಕೆಮ್ಮು ಮಾತ್ರ ಊರಿಗೆ ತಿರುಗಿ ಬಂದಿತ್ತು.

"ಕೂಡ್ರಿ, ಕೂಡ್ರಿ," ಎಂದ ಶಿವರಾಯ ನಗಲು ನೋಡಿದ. "ಗಂಟಲಾಗ ತೊಗರಿ ಹೊಟ್ಟು ಹೋಗ್ಯಾದ."

"ಹೌದ್ರಿ ಗೌಡ್ರ," ಎಂದ ದಾವಲಸಾಬ. ಕಟ್ಟೆಯ ಪಕ್ಕದಲ್ಲಿ ಚಹಾದ ಹೋಟೆಲು ಇಟ್ಟುಕೊಂಡವ, ಶಿವರಾಯನ ಜೊತೆ ಒಂದೇ ಹಳ್ಳದಲ್ಲಿ ಈಸು ಕಲಿತವ. ಊರಲ್ಲಿ ಗೌಡನಿಗೆ ಚೇಷ್ಟೆ ಮಾಡುವ ಹಕ್ಕಿದ್ದದ್ದು ಅವನೊಬ್ಬನಿಗೇ. "ನಿಮ್ಮಪ್ಪಾರ ಗಂಟಲಾಗೂ ಅದಽ ಹೊಟ್ಟು ಹೋಗಿತ್ತು ನೋಡ್ರಿ. ಜಿಂದಗಿ ತುಂಬ ಹೊರಗ ಬರಲೇ ಇಲ್ಲ."

ಎಲ್ಲರೂ ನಕ್ಕರು. ಶಿವರಾಯ ನಗಲಿಲ್ಲ. ಅವನ ಕೈ ಅಂಗಿಯ ಮೇಲಿಂದಲೇ ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆಯನ್ನು ಮುಟ್ಟಿ ನೋಡಿತು. ಮುಟ್ಟಿದ ಕೂಡಲೇ, ಬಿಸಿ ತಾಗಿದಂತೆ ಹಿಂದೆ ಸರಿಯಿತು.

ಊರೆಂದರೆ ಆಳಂದ ತಾಲೂಕಿನ ನಿಂಬರ್ಗಾಕ್ಕೆ ಹೊಂದಿಕೊಂಡ ಒಂದು ವಾಡಿ. ಸುತ್ತ ತೊಗರಿ, ಜೋಳ, ಕಾಲಿಗೆ ಮೆತ್ತುವ ಕರಿ ಮಣ್ಣು. ಮಂಡಲ ಪಂಚಾಯ್ತಿ ಬಂದು, ಚುನಾವಣೆ ಆಗಿ, ಪ್ರಧಾನರೆಂಬವರೊಬ್ಬರು ಹುಟ್ಟಿಕೊಂಡಿದ್ದ ಕಾಲ ಅದು. ಸಹಿ, ಶಿಕ್ಕಾ, ಕುರ್ಚಿ ಎಲ್ಲ ಅತ್ತ ಹೋಗಿದ್ದವು. ಹೋದರೇನು? ಹೊಲದ ಬದುವಿನ ಜಗಳವಿರಲಿ, ಅತ್ತೆ ಸೊಸೆಯ ಜಗಳವಿರಲಿ, ವಾಡಿಯ ಮಂದಿ ಕಟ್ಟೆಗೇ ಬರುತ್ತಿದ್ದರು. ಕಟ್ಟೆಗೆ ಬಂದ ಮೇಲೆ ಗೌಡ ಬೇಕು. ಹಿರೇಗೌಡರ ಜಾಗಕ್ಕೆ ಶಿವರಾಯನನ್ನು ಕೂರಿಸಿದಾಗ ಅವನು ಅಂಚಿನಲ್ಲಷ್ಟೇ ಕೂತಿದ್ದ. ಈಗ ನೋಡಿದರೆ, "ಏನ್ ಕೆಮ್ಮು, ಏನ್ ದನಿ, ಹಿರೇಗೌಡ್ರಽ ಬಂದು ಕುಂತಂಗ ಆಗ್ಯಾದ" ಎಂದು ಮಂದಿ ಹಾಡಿ ಹೊಗಳುತ್ತಿದ್ದರು. ಹೊಗಳಿದವರಿಗೆ ಗೊತ್ತಿರಲಿಲ್ಲ, ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಯಾಕೆ ಕರಡಿಗೆ ಮುಟ್ಟಿ ನೋಡಿಕೊಳ್ಳುತ್ತಿದ್ದನೆಂದು.

ಅಪ್ಪನನ್ನು ಸಮಾಧಿ ಮಾಡಿದ ದಿನದ ಗುಟ್ಟು ಅದು. ಅವನೊಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದ.

ಗೌಡರ ಮನೆತನದಲ್ಲಿ ಒಂದು ಪದ್ಧತಿ. ಹಿರಿಯನಿಗೆ ಮಣ್ಣು ಕೊಡುವ ಮೊದಲು ಮಗ ತನ್ನ ಲಿಂಗವನ್ನೂ ಅಪ್ಪನ ಲಿಂಗವನ್ನೂ ಒಟ್ಟಿಗೆ ಅಂಗೈಯಲ್ಲಿ ಹಿಡಿದು ಕಡೆಯ ಪೂಜೆ ಮಾಡಬೇಕು. ಆಮೇಲೆ ಅಪ್ಪನದು ಅಪ್ಪನ ಕೈಗೆ, ಮಗನದು ಮಗನ ಎದೆಗೆ. ಅವತ್ತು ಶಿವರಾಯ ಸಮಾಧಿಯ ಕುಣಿಯ ಅಂಚಿನಲ್ಲಿ ನಿಂತು ಎರಡನ್ನೂ ಹಿಡಿದಿದ್ದ. ಮನೆತನದ ಗುರು ರೇವಣಸಿದ್ಧಯ್ಯನವರು ನೀರು ಎರೆಯುತ್ತಿದ್ದರು. ಅಯ್ಯನವರ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಸುತ್ತ ಭಜನೆಯವರ ತಾಳ, ಹೆಂಗಸರ ಅಳು. ಅಷ್ಟರಲ್ಲಿ ಅಂಚಿನ ಮಣ್ಣು ಕುಸಿದು ಶಿವರಾಯನ ಕಾಲು ಜಾರಿತು. ನಾಲ್ಕು ಕೈ ಬಂದು ಹಿಡಿದವು. ಸಾವರಿಸಿಕೊಂಡು ನಿಲ್ಲುವಷ್ಟರಲ್ಲಿ ಅಯ್ಯನವರು ಅವನ ಅಂಗೈಯಿಂದ ಒಂದನ್ನು ಎತ್ತಿಕೊಂಡು ಕುಣಿಗೆ ಇಳಿದಾಗಿತ್ತು. ಉಳಿದದ್ದನ್ನು ಅವನು ಕರಡಿಗೆಗೆ ಹಾಕಿಕೊಂಡು ಮುಚ್ಚಿದ.

ಮರುದಿನ ಬೆಳಿಗ್ಗೆ, ಮನೆಯ ಹಿರಿಯನಾದ ಮೇಲೆ ಹಿರಿಯನಂತೆ ಇರಬೇಕಲ್ಲ ಎಂದು, ಅಪ್ಪನ ಮಣೆಯ ಮೇಲೆ ಅಪ್ಪ ಕೂರುತ್ತಿದ್ದಷ್ಟು ಹೊತ್ತು ಪೂಜೆಗೆ ಕೂತ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬೆರಳು ಸವರಿದರೆ ಒಂದು ಬದಿಗೆ ಸಣ್ಣ ಕುಳಿ. ಹೆಬ್ಬೆರಳು ಸರಿಯಾಗಿ ಅದರಲ್ಲಿ ಕೂತಿತು. ಅಪ್ಪ ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ತನ್ನ ಲಿಂಗವನ್ನು ಒರೆಸುತ್ತಲೇ ಇರುತ್ತಿದ್ದರು. ಬಿಡುವಿಲ್ಲದೆ, ವರ್ಷಗಟ್ಟಲೆ. ಕುಳಿ ಬೀಳದೆ ಇರುತ್ತದೆಯೇ?

ಅಂದರೆ ಇದು ಅಪ್ಪನದು. ತನ್ನದು ಅಲ್ಲಿ, ಮಣ್ಣೊಳಗೆ, ಅಪ್ಪನ ಮುಷ್ಟಿಯಲ್ಲಿದೆ.

ಲಿಂಗ ಕಟ್ಟುವವರ ಮನೆಯಲ್ಲಿ ಹುಟ್ಟಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಲಿಂಗವೆಂದರೆ ಕೊರಳಲ್ಲಿ ನೇತಾಡುವ ಒಡವೆಯಲ್ಲ, ಅವರವರ ಪ್ರಾಣ. ಹುಟ್ಟಿದಾಗ ಕಟ್ಟಿದ್ದು ಸತ್ತಾಗ ಜೊತೆಗೆ ಹೋಗಬೇಕು. ತನ್ನ ಪ್ರಾಣ ಹೂತುಹೋಗಿದೆ, ತನ್ನ ಎದೆಯ ಮೇಲೆ ಅಪ್ಪ ಕೂತಿದ್ದಾನೆ! ಹೇಳೋಣವೆಂದರೆ ಯಾರಿಗೆ ಹೇಳುವುದು? ಹೇಳಿದರೆ ಸಮಾಧಿ ಅಗೆಯಬೇಕು. ಹಿರೇಗೌಡರ ಸಮಾಧಿಗೆ ಗುದ್ದಲಿ ಹಾಕುತ್ತೇನೆಂದರೆ ಊರು ಸುಮ್ಮನಿದ್ದೀತೇ? ಶಿವರಾಯ ಬಾಯಿ ಹೊಲಿದುಕೊಂಡ.

ಆಮೇಲೆ ಶುರುವಾಯಿತು ನೋಡಿ. ಮೊದಲು ಕೆಮ್ಮು ಬಂತು. ಅದರ ಹಿಂದೆ ದನಿ ಬಂತು. ಹೆಂಡತಿಯನ್ನು ಕಸ್ತೂರಿ ಎಂದು ಹೆಸರು ಹಿಡಿದು ಕರೆಯುತ್ತಿದ್ದವನು, ಒಂದು ದಿನ ಹೊಲದಿಂದ ಬಂದು ಪಡಸಾಲೆಯಲ್ಲಿ ನಿಂತು, "ಯಾರಿದ್ದೀರಿ ಒಳಗ? ಮಜ್ಜಿಗಿ ತರ್ರಿ" ಎಂದ. ಒಳಗಿಂದ ಕಸ್ತೂರಿಬಾಯಿ ಸೆರಗು ಪೂರ್ತಿ ತಲೆಮೇಲೆ ಎಳೆದುಕೊಂಡು, ಮುಖ ತಗ್ಗಿಸಿ, ತಂಬಿಗೆ ಹಿಡಿದು ಬಂದಳು. ಬಂದವಳು ಗಂಡನನ್ನು ನೋಡಿ ಅಲ್ಲೇ ಗೋಡೆ ಹಿಡಿದು ನಿಂತಳು.

"ಏನ್ರಿ ನೀವು! ಮಾವಾರು ಕರದಂಗ ಆತು. ನನ್ನ ಜೀವಽ ಹೋತು ನೋಡ್ರಿ."

ಶಿವರಾಯ ಮಜ್ಜಿಗೆ ಕುಡಿಯಲಿಲ್ಲ. ಅಂಗಳದಲ್ಲಿ ಮಲಗಿದ್ದ ಮುದಿ ನಾಯಿ, ಅಪ್ಪ ಹೋದಾಗಿನಿಂದ ಯಾರಿಗೂ ಏಳದಿದ್ದ ನಾಯಿ, ಎದ್ದು ಬಾಲ ಅಲ್ಲಾಡಿಸುತ್ತಿತ್ತು.

ಹೀಗಿರುವಾಗ ಸಾಬಮ್ಮ ಕಟ್ಟೆಗೆ ಬಂದಳು.

ಸಾಬಮ್ಮ ಬಂದಳೆಂದರೆ ಸಾಮಾನ್ಯ ಮಾತಲ್ಲ. ಅವಳ ಮನೆಗೆ ಬಹಿಷ್ಕಾರ ಬಿದ್ದು ಬಹಳ ವರ್ಷವಾಗಿತ್ತು. ಅವಳಪ್ಪ ಚಂದ್ರಾಮಪ್ಪ ಮಾಡಿದ ತಪ್ಪು ಒಂದೇ. ಆಳಂದದಿಂದ ಸಡಕು ಮಾಡಲು ಸರ್ವೆಯವರು ಬಂದಾಗ ಹಳೆಯ ಬಂಡಿದಾರಿ ಎಲ್ಲಿತ್ತೆಂದು ಕೇಳಿದರು. ಹಳ್ಳದ ದಂಡೆಯ ಬೀಳು ನೆಲದಲ್ಲಿತ್ತೆಂದು ಹೇಳಿರೆಂದು ಹಿರೇಗೌಡರು ಎಲ್ಲರಿಗೂ ಮೊದಲೇ ತಾಕೀತು ಮಾಡಿದ್ದರು. ಎಲ್ಲರೂ ಹಾಗೆಯೇ ಹೇಳಿದರು. ಚಂದ್ರಾಮಪ್ಪ ಮಾತ್ರ ಸರ್ವೆಯವರನ್ನು ಕರೆದುಕೊಂಡು ಹೋಗಿ, ಹಿರೇಗೌಡರ ತೊಗರಿ ಹೊಲದ ನಡುವೆ ನಿಂತು, "ಇಲ್ಲೇ ಇತ್ರಿ" ಎಂದ. ಇದ್ದದ್ದೂ ಅಲ್ಲಿಯೇ. ಸಡಕು ಅಲ್ಲೇ ಆಯಿತು. ಹಳ್ಳದ ದಂಡೆಗೆ ಮಾಡಿದ್ದರೆ ಮೊದಲ ಮಳೆಗೇ ಕೊಚ್ಚಿಕೊಂಡು ಹೋಗುತ್ತಿತ್ತು. ಇವತ್ತು ವಾಡಿಯ ಮಂದಿ ಬಸ್ಸು ಹತ್ತಿ ಆಳಂದಕ್ಕೆ ಹೋಗುತ್ತಾರೆಂದರೆ ಅದು ಚಂದ್ರಾಮಪ್ಪನ ಒಂದು ಮಾತಿನಿಂದ. ಆ ಮಾತಿಗೆ ಸಿಕ್ಕಿದ ಬಹುಮಾನ ನೋಡಿ: ಹಿರೇಗೌಡರು ಕಟ್ಟೆಯ ಮೇಲೆ ಕೂತು ಕೆಮ್ಮಿ, "ಇವತ್ತಿನಿಂದ ಆ ಮನಿ ಊರಾಗ ಇಲ್ಲ" ಎಂದರು. ಒಲೆಗೆ ಕೆಂಡ ಕೊಡುವವರಿಲ್ಲ, ರಾಶಿಗೆ ಬರುವವರಿಲ್ಲ, ಕ್ಷೌರ ಮಾಡುವವರಿಲ್ಲ. ಚಂದ್ರಾಮಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಡುವವರೂ ಇಲ್ಲ. ಹೆಂಡತಿ ನಿಂಬೆವ್ವ ಹೆಣವನ್ನು ತೊಡೆಯ ಮೇಲೆ ಹಿಡಿದು ಕೂತಳು, ಮಗಳು ಸಾಬಮ್ಮ ಬಂಡಿ ಹೊಡೆದಳು.

ಶಿವರಾಯ ಅವತ್ತು ಮಾಳಿಗೆಯ ಮೇಲೆ ನಿಂತು ಆ ಬಂಡಿ ಹೋದದ್ದನ್ನು ನೋಡಿದ್ದ. ಮಣ್ಣಿನ ರಸ್ತೆಯಲ್ಲಿ ಗಾಲಿ ಕಿರಗುಡುತ್ತ ಹೋದದ್ದು ಇನ್ನೂ ಅವನ ಕಿವಿಯಲ್ಲಿತ್ತು. ತಾನು ಆ ಕಟ್ಟೆಯ ಮೇಲೆ ಕೂತ ದಿನ ಮೊದಲ ಕೆಲಸವಾಗಿ ಈ ಬಹಿಷ್ಕಾರವನ್ನು ಕಿತ್ತುಹಾಕುತ್ತೇನೆ ಎಂದು ಅವತ್ತೇ ಮನಸ್ಸಿನಲ್ಲಿ ಮಾತು ಕೊಟ್ಟುಕೊಂಡಿದ್ದ. ಕೂತು ತಿಂಗಳುಗಳಾಗಿದ್ದವು. ಇವತ್ತು ನಾಳೆ ಎನ್ನುತ್ತಲೇ ಇದ್ದ.

ಸಾಬಮ್ಮನನ್ನು ಜೇವರ್ಗಿಯ ಕಡೆ ಕೊಟ್ಟಿದ್ದರು. ತಾಯಿ ಹಾಸಿಗೆ ಹಿಡಿದಳೆಂದು ಬಂದು ಉಳಿದಿದ್ದಳು. ಕಟ್ಟೆಯ ಕೆಳಗೆ ಬಿಸಿಲಲ್ಲೇ ನಿಂತಳು. ಕೂತವರು ಕೆಲವರು ಆಚೆ ಮುಖ ಮಾಡಿದರು, ಕೆಲವರಿಗೆ ಒಮ್ಮೆಗೇ ಬೀಡಿಯ ನೆನಪಾಯಿತು.

"ಯಣ್ಣಾ," ಎಂದಳು. ಗೌಡರೇ ಎನ್ನಲಿಲ್ಲ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆಯೇ ಕರೆದಳು. "ನಮ್ಮವ್ವಂದು ಇವತ್ತೋ ನಾಳೆನೋ ಅನ್ನೂವಂಗ ಆಗ್ಯಾದ. ಅನ್ನ ಬ್ಯಾಡ ಅಂತಾಳ, ನೀರು ಬ್ಯಾಡ ಅಂತಾಳ. ಒಂದಽ ಮಾತು ಕೇಳಾಕತ್ತಾಳ. ಊರ ಮಂದಿ ನನಗ ಹೆಗಲು ಕೊಡ್ತಾರೇನು, ಇಲ್ಲಾ ನಿಮ್ಮಪ್ಪನಂಗ ಬಂಡ್ಯಾಗಽ ಹೋಗಬೇಕೇನು ಅಂತ. ಕೊಡ್ತೇವಿ ಅಂತ ಒಂದು ಮಾತು ಹೇಳು. ಹೋಗಿ ಅಕಿ ಕಿವ್ಯಾಗ ಹೇಳ್ತೇನಿ. ಸಮಾಧಾನದಿಂದ ಕಣ್ಣು ಮುಚ್ಚತಾಳ."

ಅವಳ ದನಿಯಲ್ಲಿ ಅಳು ಇರಲಿಲ್ಲ. ಬೇಡುವವರ ದನಿಯೂ ಅಲ್ಲ. ಶಿವರಾಯನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಿತ್ತು. ವರ್ಷಗಳಿಂದ ಸಿದ್ಧವಿದ್ದ ಉತ್ತರ. ಬಾಯಿ ತೆರೆದ. ಕೆಮ್ಮು ಬಂತು. ಒಂದು, ತಡೆ, ಇನ್ನೊಂದು.

ಎಲ್ಲರೂ ಎದ್ದು ನಿಂತರು.

"ಹಿರ್ಯಾರು ಹೇಳಿದ್ದು ಹೇಳಿದ್ದು," ಎಂಬ ಮಾತು ಹೊರಬಂತು. ದಪ್ಪ ದನಿ, ಹಿರೇಗೌಡರದೇ. "ಅದನ್ನ ಮುರಿಯೂದು ನಮ್ಮ ಕೈಯಾಗ ಇಲ್ಲ. ಆಗಂಗಿಲ್ಲ."

ಹೇಳಿದವನು ತಾನೇ ಬೆಚ್ಚಿಬಿದ್ದ. ಸಾಬಮ್ಮ ಅಲುಗಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಇದು ಯಾರ ಮಾತು ಯಣ್ಣಾ? ನಿಂದೋ, ನಿಮ್ಮಪ್ಪಂದೋ?"

ಅವನ ಕೈ ಕರಡಿಗೆಗೆ ಹೋಯಿತು. ಅವಳು ಸ್ವಲ್ಪ ಹೊತ್ತು ಕಾದಳು, ಸೆರಗು ಸರಿಮಾಡಿಕೊಂಡಳು, ಹೋದಳು. ದಾವಲಸಾಬ ಚಹಾದ ಬಟ್ಟಲುಗಳನ್ನು ತೊಳೆಯುತ್ತ ತಲೆ ಎತ್ತಲಿಲ್ಲ. ಅವತ್ತು ಅವನಿಗೂ ಚೇಷ್ಟೆ ಹೊಳೆಯಲಿಲ್ಲ.

ಮನೆಗೆ ಹೋದವನೇ ಶಿವರಾಯ ಕಸ್ತೂರಿಬಾಯಿಯನ್ನು ದೇವರ ಜಗಲಿಯ ಮುಂದೆ ಕೂರಿಸಿ ಎಲ್ಲವನ್ನೂ ಹೇಳಿಬಿಟ್ಟ. ಕುಣಿಯ ಅಂಚು, ಜಾರಿದ ಕಾಲು, ಕುಳಿ, ಕೆಮ್ಮು, ಎಲ್ಲ. ಅವಳು ಕೇಳುತ್ತ ಕೇಳುತ್ತ ತನ್ನ ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅದಕ್ಕಽ ಹಂಗ ಅಂದೆ ನೋಡು," ಎಂದ. "ನಾ ಹೌದು ಅನ್ನಾಕಽ ಬಾಯಿ ತಗದಿದ್ದೆ. ಅಪ್ಪ ಮಾತಾಡಿದ. ನಾಳೆ ಘತ್ತರಗಿಗೆ ಹೋಗ್ತೇನಿ, ಅಯ್ನೋರು ಮಗಳ ಮನ್ಯಾಗ ಅದಾರ. ಸಮಾಧಿ ತಗಸ್ತೇನಿ. ನಂದು ನನಗ ಬರಲಿ. ಆಮ್ಯಾಲ ಸಾಬಮ್ಮಗ ಹೌದು ಅಂತ ಹೇಳ್ತೇನಿ."

ಕಸ್ತೂರಿಬಾಯಿ ಮುಷ್ಟಿ ಸಡಿಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹೆಣಕ್ಕ ಹೆಗಲು ಕೊಡ್ತೇವಿ ಅನ್ನಾಕ ಸಮಾಧಿ ಯಾಕ ತಗೀಬೇಕ್ರಿ? ಈಗಽ ಹೋಗಿ ಹೇಳಿ ಬರ್ರಿ. ಮುದುಕಿ ಜೀವ ಹಿಡಕೊಂಡು ಕುಂತಾಳ."

"ನಿನಗ ತಿಳಿಯಂಗಿಲ್ಲ ಬಿಡು. ಮೊದಲ ನಾ ನಾನಾಗಬೇಕು."

ಎಂಥಾ ದೊಡ್ಡ ಮಾತು! ಇಂಥ ದೊಡ್ಡ ಮಾತು ಬಾಯಿಂದ ಬಂತೆಂದರೆ ಸಣ್ಣದೊಂದು ಕೆಲಸವನ್ನು ಮುಂದೆ ಹಾಕಿದ್ದಾರೆಂದೇ ತಿಳಿಯಬೇಕು. ಕಸ್ತೂರಿಬಾಯಿಗೆ ಅದು ತಿಳಿಯಿತು. ಎದ್ದು ರೊಟ್ಟಿ ಬಡಿಯಲು ಹೋದಳು.

ಬೆಳಗಿನ ಮೊದಲ ಬಸ್ಸಿಗೆ ಶಿವರಾಯ ಹೊರಟ. ಬಸ್ಸು ಸಾಬಮ್ಮನ ಮನೆಯ ಮುಂದೆಯೇ ಹಾದುಹೋಗಬೇಕು. ಬಾಗಿಲು ತೆರೆದಿತ್ತು. ಒಳಗೆ ಕತ್ತಲು. ಆ ಕತ್ತಲಿನಿಂದ ಯಾರೋ ತನ್ನನ್ನೇ ನೋಡುತ್ತಿದ್ದಾರೆಂದು ಅವನಿಗೆ ಅನಿಸಿತು. ಕಂಡಕ್ಟರನಿಗೆ ಒಂದು ಕೂಗು ಹಾಕಿದ್ದರೆ ಬಸ್ಸು ನಿಲ್ಲುತ್ತಿತ್ತು, ಇಳಿದು ಒಂದು ಮಾತು ಹೇಳಿ ಮತ್ತೆ ಹತ್ತಬಹುದಿತ್ತು. ಅವನು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಬಂದವನಂತೆ ಕೂತ.

ಆಳಂದ, ಅಲ್ಲಿಂದ ಅಫಜಲಪುರ, ಅಲ್ಲಿಂದ ಘತ್ತರಗಿ. ಭೀಮೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಭಾಗ್ಯವಂತಿಯ ಗುಡಿಗೆ ಹೋಗುವವರ ಸಾಲು. ಅದನ್ನು ದಾಟಿ ಓಣಿಯೊಳಗೆ ನಡೆದ. ರೇವಣಸಿದ್ಧಯ್ಯನವರ ಮಗಳ ಮನೆಯ ಪಡಸಾಲೆಯಲ್ಲಿ ಮುದುಕ ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಎರಡೂ ಬೆಳ್ಳಗಾಗಿದ್ದವು. ಹೊಸ್ತಿಲ ಬಳಿ ಬಂದಾಗ ಶಿವರಾಯನಿಗೆ ಕೆಮ್ಮು ಒತ್ತರಿಸಿಕೊಂಡು ಬಂತು. ತಡೆಯಲು ನೋಡಿದ, ಆಗಲಿಲ್ಲ.

ಮುದುಕ ತಲೆ ಎತ್ತಿದರು. "ಯಾರು, ದೊಡ್ಡಪ್ಪಗೌಡೇನು? ಬಾ, ಕೂಡು ಬಾ."

"ನಾನ್ರಿ ಅಯ್ನೋರ. ಶಿವರಾಯ," ಎಂದ. ಅವರ ಕಾಲು ಹಿಡಿದು, ಬಂದ ಕೆಲಸವನ್ನು ಒಂದೇ ಉಸಿರಿಗೆ ಹೇಳಿದ. ಲಿಂಗ ಅದಲುಬದಲಾಗಿದೆ, ಅಪ್ಪ ಮೈಯೊಳಗೆ ಬಂದಿದ್ದಾನೆ, ಕಟ್ಟೆಯ ಮೇಲೆ ಅವನೇ ಮಾತಾಡುತ್ತಿದ್ದಾನೆ, ಸಮಾಧಿ ತೆಗೆಯಲು ಅಪ್ಪಣೆ ಕೊಡಬೇಕು.

ಅಯ್ಯನವರು ಮಗಳಿಗೆ ನೀರು ತರಹೇಳಿದರು. "ಕೈಕಾಲು ತೊಳಕೋ. ಲಿಂಗ ಅಂಗೈಯಾಗ ಹಿಡಿ. ನೋಡು."

"ಏನು ನೋಡಲ್ರಿ?"

"ನೋಡಪ್ಪ. ಕಣ್ಣಿದ್ದಾಂವ ನೀನು, ನನ್ನ ಕೇಳ್ತಿ."

ಶಿವರಾಯ ಹಿಡಿದ. ಅಂಗೈಯ ನಡುವೆ ಕಪ್ಪನೆಯ ಸಣ್ಣದೊಂದು ಉಂಡೆ. ಬಾಗಿಲಿನಿಂದ ಬಂದ ಬೆಳಕು ಅದರ ನೆತ್ತಿಯ ಮೇಲೆ ಸಾಸಿವೆಯಷ್ಟು ಹೊಳೆಯುತ್ತಿತ್ತು. ಮೊದಮೊದಲು ಬಸ್ಸಿನ ಹೊತ್ತಿನ ಚಿಂತೆ ಬಂತು, ಆಮೇಲೆ ಹೊಲದ ಚಿಂತೆ. ಆಮೇಲೆ ಅವೂ ಹೋದವು. ಹೊಳೆಯುವ ಆ ಚುಕ್ಕಿಯಲ್ಲಿ ಒಂದು ಬಂಡಿ ಹೋಗುತ್ತಿತ್ತು. ಗಾಲಿ ಕಿರಗುಡುತ್ತಿತ್ತು. ಮಾಳಿಗೆಯ ಮೇಲೆ ಒಬ್ಬ ಹರೆಯದ ಹುಡುಗ ನಿಂತಿದ್ದ, ಕೆಳಗಿಳಿಯಲಿಲ್ಲ. ಅವನನ್ನು ಯಾರೂ ಹಿಡಿದಿರಲಿಲ್ಲ. ಅಪ್ಪ ಅವತ್ತು ಊರಲ್ಲೇ ಇರಲಿಲ್ಲ, ಗಾಣಗಾಪುರಕ್ಕೆ ಹೋಗಿದ್ದರು. ಆ ಮಾತನ್ನು ಅವನು ಇಷ್ಟು ವರ್ಷ ಮರೆತೇಬಿಟ್ಟಿದ್ದ.

"ಕುಳಿ ಸಿಕ್ಕಿತೇನು?" ಎಂದರು ಅಯ್ಯನವರು.

"ಹೌದ್ರಿ. ಅಪ್ಪ ಒರಸಿ ಒರಸಿ..."

"ಒರಸಿದ್ರ ನುಣ್ಣಗ ಆಗ್ತದ, ಕುಳಿ ಬೀಳಂಗಿಲ್ಲ. ನಿಮ್ಮಪ್ಪಂದು ಎಣ್ಣಿ ಹಚ್ಚಿದಂಗ ನುಣ್ಣಗ ಇತ್ತು. ಕಣ್ಣಿಲ್ಲ ಖರೇ, ನನಗ ಬೆರಳು ಅದಾವ. ಅದನ್ನಽ ಅವನ ಕೈಯಾಗ ಇಟ್ಟೇನಿ." ಮುದುಕ ಕೈಚಾಚಿ ಶಿವರಾಯನ ಹೆಬ್ಬೆರಳನ್ನು ಹುಡುಕಿ ಹಿಡಿದರು. "ಈ ಕುಳಿ ನಿಂದು. ನೀ ಸಣ್ಣಾಂವ ಇದ್ದಾಗ ಅಪ್ಪ ಹೊಡದ ಅಂತ ಸಿಟ್ಟಿಗೆದ್ದು ಲಿಂಗ ಹರಕೊಂಡು ಅಂಗಳದಾಗಿನ ಒಳಕಲ್ಲಿಗೆ ಒಗದಿದ್ದಿ. ನಿಮ್ಮವ್ವ ಅಳಕೋತ ಸೆರಗಿನ್ಯಾಗ ಕಟ್ಟಿಕೊಂಡು ಬಂದ್ಲು. ಒಳಗಿನ ಕಲ್ಲು ಗಟ್ಟಿ ಇತ್ತು. ಮ್ಯಾಲಿನ ಕರೇ ಲೇಪಕ್ಕಷ್ಟಽ ಪೆಟ್ಟು. ಲೇಪ ಮತ್ತ ಹಚ್ಚಿದೆ, ಕುಳಿ ಪೂರಾ ಮುಚ್ಚಲಿಲ್ಲ. ಇರಲಿ ಬಿಡವ್ವ, ದಿನಾ ಪೂಜಿ ಮಾಡ್ತಾನಲ್ಲ, ಕೈಗೆ ಸಿಗ್ತದ, ತನ್ನ ಸಿಟ್ಟು ತನಗ ನೆನಪಾಗ್ತದ ಅಂದಿದ್ದೆ."

ದಿನಾ ಪೂಜೆ! ಶಿವರಾಯನ ಪೂಜೆ ಎಂಥದ್ದೆಂದು ಶಿವರಾಯನಿಗೆ ಗೊತ್ತು. ಕರಡಿಗೆ ತೆಗೆ, ವಿಭೂತಿ ಹಚ್ಚು, ಮುಚ್ಚು, ಎತ್ತಿನ ಕಡೆ ಓಡು. ಹುಟ್ಟಿದಾಗಿನಿಂದ ಎದೆಯ ಮೇಲೆ ಕಟ್ಟಿಕೊಂಡು ತಿರುಗಿದ್ದನ್ನು ಒಂದು ದಿನವಾದರೂ ಕೂತು ನೋಡಿರಲಿಲ್ಲ. ನೋಡಿದ ದಿನ ಗುರುತು ಹತ್ತಲಿಲ್ಲ, ಬೇರೆಯವರದೆಂದು ಹೆದರಿದ.

"ಹಂಗಾದ್ರ ಕಟ್ಟಿ ಮ್ಯಾಲ ಆಗಂಗಿಲ್ಲ ಅಂದಾಂವ..."

"ನಿಮ್ಮಪ್ಪ ಸತ್ತಾನಪ್ಪ," ಎಂದರು ಅಯ್ಯನವರು. "ನಾನಽ ಮಣ್ಣು ಕೊಟ್ಟೇನಿ. ಸತ್ತಾಂವ ಮಾತಾಡಂಗಿಲ್ಲ."

ಇಷ್ಟು ದಿನ ಶಿವರಾಯ ದೆವ್ವಕ್ಕೆ ಹೆದರಿದ್ದ. ಈಗ ದೆವ್ವವಿಲ್ಲವೆಂದು ತಿಳಿದು ಅದಕ್ಕಿಂತ ಹೆಚ್ಚು ಹೆದರಿದ. ದೆವ್ವ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಅದರ ತಲೆಯ ಮೇಲೆ ಎಲ್ಲ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಕೆಮ್ಮಿದಾಗ ಮಂದಿ ಎದ್ದು ನಿಲ್ಲುತ್ತಿದ್ದರಲ್ಲ, ಆಗ ಭಯದ ಕೆಳಗೆ ಒಂದು ಖುಷಿಯೂ ಆಗುತ್ತಿತ್ತೆಂಬುದು ಅವನಿಗೆ ಈಗ ನೆನಪಾಯಿತು. ಅಪ್ಪನ ಮಾತು ಮುರಿದರೆ ನಾಳೆ ತನಗೆ ಯಾರೂ ಏಳುವುದಿಲ್ಲ. ಅಷ್ಟಕ್ಕಾಗಿ ಆಗಂಗಿಲ್ಲ ಎಂದದ್ದು. ಅಷ್ಟಕ್ಕೆ ಮಾತ್ರ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಅಯ್ಯನವರ ಮಗಳು ಊಟಕ್ಕೆ ಏಳಿ ಎಂದಳು. ಅವನು ಕೈಮುಗಿದು ಓಡಿದ.

ಅಫಜಲಪುರದಲ್ಲಿ ಬಸ್ಸು ತಡವಾಯಿತು. ಆಳಂದದಲ್ಲಿ ಇನ್ನೊಂದು ಬಸ್ಸು ತುಂಬುವವರೆಗೆ ಹೊರಡಲೇ ಇಲ್ಲ. ಇಳಿಬಿಸಿಲಿನ ಹೊತ್ತಿಗೆ ವಾಡಿಗೆ ಬಂದಿಳಿದರೆ ದಾವಲಸಾಬನ ಹೋಟೆಲಿನ ಒಲೆ ಆರಿತ್ತು. ಕಟ್ಟೆಯ ಮೇಲೆ ಮಂದಿ ತುಂಬಿದ್ದರು.

"ಮುದುಕಿ ಹೋದಳ್ರಿ," ಎಂದ ದಾವಲಸಾಬ. "ನಿಮ್ಮ ಬಸ್ಸು ಹೋತು, ಅತ್ತ ಅಕಿ ಜೀವ ಹೋತು. ಹಗಲೆಲ್ಲ ಒಬ್ಬಾಕಿನಽ ಕುಣಿ ತಗದು, ಸಾಬಮ್ಮ ಈಗ ಬಂಡಿ ಹೂಡಾಕತ್ತಾಳ."

"ಮಂದಿ ಇಲ್ಲೇ ಅದಾರಲ್ಲ?"

"ನಿಮ್ಮ ಕೆಮ್ಮಿನ ಹಾದಿ ಕಾಯಾಕತ್ತಾರ." ಅವನು ತಲೆ ತಗ್ಗಿಸಿದ. "ನಾನೂ ಹೋಗಿಲ್ರಿ. ನಿಮ್ಮ ಮಾತು ಮೀರಾಕ ಧೈರ್ಯ ಆಗಲಿಲ್ಲ. ಶರಮ್ ಆಗ್ತದ ಹೇಳಾಕ."

ಶಿವರಾಯ ಕಟ್ಟೆ ಹತ್ತಲಿಲ್ಲ. ನಿನ್ನೆ ಸಾಬಮ್ಮ ನಿಂತ ಜಾಗದಲ್ಲಿ, ಕೆಳಗೆ, ನಿಂತ. ಅಲ್ಲಿಂದ ನೋಡಿದರೆ ಕಟ್ಟೆ ಬಹಳ ಎತ್ತರವಿತ್ತು. ಎಲ್ಲರೂ ಅವನ ಗಂಟಲನ್ನೇ ನೋಡುತ್ತಿದ್ದರು.

"ನಿನ್ನಿ ಆಗಂಗಿಲ್ಲ ಅಂದಾಂವ ನಮ್ಮಪ್ಪ ಅಲ್ಲ," ಎಂದ. ದನಿ ತೆಳ್ಳಗಿತ್ತು, ಹಿಂದಿದ್ದವರಿಗೆ ಕೇಳಿಸಿತೋ ಇಲ್ಲವೋ. "ನಾ ಅಂದೇನಿ. ನೀವು ಎದ್ದು ನಿಲ್ಲೂದು ತಪ್ಪಬಾರದು ಅಂತ ಅಂದೇನಿ. ಚಂದ್ರಾಮಪ್ಪ ಖರೇ ಹೇಳಿದ್ದ, ಅದು ನಮಗೆಲ್ಲ ಗೊತ್ತದ. ನಮ್ಮಪ್ಪ ತಪ್ಪು ಮಾಡಿದ. ನಾ ಅವನಕಿಂತ ದೊಡ್ಡ ತಪ್ಪು ಮಾಡೇನಿ. ನಾ ಆ ಮನಿಗೆ ಹೋಗಾಕತ್ತೇನಿ. ಬರಾವ್ರು ಬರ್ರಿ. ನಾ ಹೇಳೇನಿ ಅಂತ ಬರಬ್ಯಾಡ್ರಿ."

ತಿರುಗಿ ನಡೆದ. ಹಿಂದೆ ಯಾರು ಬಂದರೆಂದು ನೋಡಲಿಲ್ಲ. ಮೊದಲು ದಾವಲಸಾಬನ ಚಪ್ಪಲಿಯ ಸಪ್ಪಳ ಕೇಳಿತು. ಆಮೇಲೆ ಇನ್ನಷ್ಟು. ಕೆಲವರು ಕಟ್ಟೆಯ ಮೇಲೆಯೇ ಉಳಿದರು.

ಸಾಬಮ್ಮ ಎತ್ತಿನ ಕೊರಳಿಗೆ ನೊಗ ಕಟ್ಟುತ್ತಿದ್ದಳು. ಅವನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ಸಾಬಮ್ಮ, ಹೆಗಲು ಕೊಡಾಕ ಬಂದೇವಿ."

"ನಿನ್ನಿ ಸಂಜಿಮುಂದ ಕೇಳಿದ್ಲು," ಎಂದಳು ಅವಳು, ಹಗ್ಗ ಬಿಗಿಯುತ್ತಲೇ. "ಶಿವರಾಯ ಏನಂದ ಅಂತ. ಕೊಡ್ತಾರಂತವ್ವ ಅಂದುಬಿಡಬಹುದಿತ್ತು. ಒಂದು ಸುಳ್ಳು. ಬಾಯಿಗೆ ಬರಲಿಲ್ಲ. ನಮ್ಮಪ್ಪ ಕಲಿಸಿಲ್ಲ. ಆಗಂಗಿಲ್ಲ ಅಂದ್ರವ್ವ ಅಂದೆ. ಗ್ವಾಡಿ ಕಡೆ ಮುಖ ಮಾಡಿ ಮಲಗಿದ್ಲು. ತಿರುಗಿ ಮಾತಾಡಲಿಲ್ಲ." ಹಗ್ಗ ಅವಳ ಕೈಯಿಂದ ಜಾರಿತು. "ಈಗ ಹೆಗಲು ತಂದಿ. ಅಕಿಗೆ ಹ್ಯಾಂಗ ಹೇಳಲಿ ಯಣ್ಣಾ? ಹೇಳು, ಹ್ಯಾಂಗ ಹೇಳಲಿ?"

ಶಿವರಾಯ ಚಪ್ಪಲಿ ಬಿಟ್ಟು ಒಳಗೆ ಹೋದ. ನಿಂಬೆವ್ವನ ಮುಖ ಇನ್ನೂ ಗೋಡೆಯ ಕಡೆಗೇ ಇತ್ತು. ಅವಳ ಕಿವಿಯ ಬಳಿ ಬಗ್ಗಿ, "ಯವ್ವಾ, ನಾ ಶಿವರಾಯ. ಹೆಗಲು ಕೊಡ್ತೇವಿ" ಎಂದ. ಇನ್ನೊಮ್ಮೆ ಹೇಳಿದ, ಜೋರಾಗಿ ಹೇಳಿದ. ಎಷ್ಟು ಜೋರಾಗಿ ಹೇಳಿದರೂ ಆ ಕಿವಿಯೊಳಗೆ ಉಳಿದದ್ದು ನಿನ್ನೆಯ ಮಾತೇ ಎಂದು ತಿಳಿದು, ಅಲ್ಲೇ ಕುಸಿದು ಕೂತು ಅತ್ತ. ಹೊರಗೆ ಬಂದಾಗ ಸಾಬಮ್ಮ ಎತ್ತುಗಳನ್ನು ಬಿಚ್ಚಿ ಗೂಟಕ್ಕೆ ಕಟ್ಟುತ್ತಿದ್ದಳು. ಕ್ಷಮಿಸಿದೆ ಎನ್ನಲಿಲ್ಲ. ಅವನೂ ಕೇಳಲಿಲ್ಲ.

ನಿಂಬೆವ್ವ ಹೆಗಲ ಮೇಲೆ ಹೊರಟಳು. ಸಾಬಮ್ಮ ಮುಂದೆ, ಕೈಯಲ್ಲಿ ನೀರಿನ ಮಡಕೆ. ಹಿಂತಿರುಗಿ ನೋಡಬಾರದೆಂಬ ಪದ್ಧತಿ, ನೋಡಲಿಲ್ಲ. ಶಿವರಾಯ ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ, ಅವನ ಪಕ್ಕ ದಾವಲಸಾಬ. ಚಂದ್ರಾಮಪ್ಪ ತೋರಿಸಿದ ಸಡಕಿನ ಮೇಲೆಯೇ ನಡೆದರು. ಆಳಂದದ ಬಸ್ಸು ಎದುರಿಗೆ ಬಂದು, ಬದಿಗೆ ಸರಿದು, ಎಂಜಿನ್ ಬಂದ್ ಮಾಡಿ ನಿಂತಿತು. ಎಬ್ಬಿಸಿದ ಧೂಳು ಇನ್ನೂ ಇಳಿದಿರಲಿಲ್ಲ.

ಆ ಧೂಳಿಗೋ, ಅತ್ತದ್ದಕ್ಕೋ, ಶಿವರಾಯನಿಗೆ ಕೆಮ್ಮು ಬಂತು. ಒಣಗಿದ್ದೊಂದು. ಉಸಿರು ಹಿಡಿದಷ್ಟು ತಡೆ. ಎದೆಯ ಆಳದಿಂದ ಇನ್ನೊಂದು.

ಎಲ್ಲ ಕಾಲುಗಳೂ ನಿಂತವು. ಹೆಣ ಸಡಕಿನ ನಡುವೆ ನಿಂತಿತು. ಮುಂದೆ ಸಾಬಮ್ಮನೂ ನಿಂತಳು. ತಿರುಗಲಿಲ್ಲ, ಆದರೆ ಅವಳ ಬೆನ್ನು ಬಿಗಿಯಿತು, ಮಡಕೆಯ ನೀರು ತುಳುಕಿತು. ತೀರ್ಪು ಏನು ಬರುತ್ತದೋ ಎಂದು ಊರು ಉಸಿರು ಹಿಡಿದು ಕಾಯುತ್ತಿತ್ತು.

"ನಡೀರಿ," ಎಂದ ಶಿವರಾಯ. "ಹಿರೇಗೌಡ್ರು ಇಲ್ಲ. ಕೆಮ್ಮಿದಾಂವ ನಾ."

ಯಾರೂ ಅಲುಗಲಿಲ್ಲ. ಹೆಗಲ ಮೇಲೆ ನಿಂಬೆವ್ವ ಭಾರವಾಗುತ್ತಿದ್ದಳು. ಆಮೇಲೆ ಸಾಬಮ್ಮ ಮುಂದಿನ ಹೆಜ್ಜೆ ಇಟ್ಟಳು, ಅವಳ ಹಿಂದೆ ಅವರೂ ನಡೆದರು.